ಹೆಸರಿಲ್ಲದ ಕೂಸಿನ ಸೋದರತ್ತೆ

ಏನಾಗಿರಬಹುದು, ಊಹಿಸಿ ನೋಡೋಣ! ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯ ಕೈ, ಒಂದು ತಪ್ಪಿದರೂ ಕುತ್ತಿಗೆಗೆ ಕೊಡಲಿ ಎಂದು ಬಿಳಿಕೋಟೆಯಲ್ಲಿ ಡಂಗುರ ಸಾರಿದರು. ಒಬ್ಬ ಬಿಡಿಸಿಯೂ ಬಿಟ್ಟ. ರಾಜಕುಮಾರಿಯನ್ನು ಮದುವೆ ಮಾತ್ರ ಆಗಲಿಲ್ಲ. ಆದರೂ ಅವಳು ನಗುನಗುತ್ತಾ ಅವನ ಮನೆಗೆ ಹೋಗಿ, ಬೆನ್ನಿಗೆ ಗುದ್ದಿಸಿಕೊಂಡು ಬಂದಳು. ಹೇಗೆ? ತಿಳಿಯಲಿಲ್ಲವಲ್ಲ! ಹಾಗಾದರೆ ಸರಿಯಾಗಿ ಕೂತು ಕೇಳಿ.

ಬಿಳಿಕೋಟೆಯ ದೊರೆ ಚಾವುಂಡರಸನಿಗೆ ಹಳೆಯ ಸಾಮಾನಿನ ಹುಚ್ಚು. ಯಾರ ಮನೆಯಲ್ಲಿ ಅಜ್ಜಿಯ ಕಾಲದ ಮಣೆ, ಮರಿಗೆ, ಕಡಗೋಲು ಕಂಡರೂ ಸೈನಿಕರು ಗಾಡಿ ತಂದು ಹೇರಿಕೊಂಡು ಹೋಗುವರು. ಎಲ್ಲವೂ ಅರಮನೆಯ ವಸ್ತುಸಂಗ್ರಹಾಲಯಕ್ಕೆ! ಹೊರಗೆ ಬೀಗ, ಒಳಗೆ ಒಂದೊಂದಕ್ಕೂ ಫಲಕ. ಫಲಕ ಬರೆಯುವವನು ಸ್ವತಃ ದೊರೆ. ಅಡುಗೆಮನೆಯ ಹೊಸ್ತಿಲು ದಾಟದ ಮಹಾರಾಯ ಏನು ಬರೆದಾನು? ಕೌದಿಯ ಮುಂದೆ 'ಪುರಾತನ ಯುದ್ಧಧ್ವಜ'. ರುಬ್ಬುವ ಗುಂಡಿನ ಮುಂದೆ 'ಕೋಟೆ ಒಡೆಯುವ ಕವಣೆಗುಂಡು'. ಗಿಳಿಗಳನ್ನು ಬರೆದ ಬಣ್ಣದ ತೊಟ್ಟಿಲಿನ ಮುಂದೆ 'ಕುಬ್ಜರಾಜನ ಪಲ್ಲಕ್ಕಿ'. ಊರಲ್ಲಿ ಚಟ್ನಿ ಅರೆಯಲು ಕಲ್ಲಿಲ್ಲ, ಇಲ್ಲಿ ಕವಣೆಗುಂಡು!

ದಾದಿಯ ಮಡಿಲಲ್ಲಿ ಬೆಳೆದ ರಾಜಕುಮಾರಿ ಮಲ್ಲಾಂಬೆಗೆ ಇದನ್ನೆಲ್ಲ ನೋಡಿ ರೋಸಿಹೋಗಿತ್ತು.

"ಅಪ್ಪಾಜಿ, ಫಲಕಗಳೆಲ್ಲ ತಪ್ಪು. ಅವರವರ ಸಾಮಾನು ಅವರವರಿಗೆ ಕೊಟ್ಟುಬಿಡಿ."

"ತಪ್ಪೆಂದು ನೀನೊಬ್ಬಳೇ ಹೇಳುತ್ತೀ. ಈ ಸಾಮಾನಿನ ಮೇಲೆಯೇ ಮೂರು ಒಗಟು ಹಾಕು. ಯಾರಾದರೂ ನಿನ್ನಂತೆಯೇ ಹೇಳಿದರೆ ಬೀಗ ತೆಗೆಯುತ್ತೇನೆ, ನಿನ್ನನ್ನೂ ಕೊಡುತ್ತೇನೆ. ತಪ್ಪು ಹೇಳಿದವನ ತಲೆ ತೆಗೆಸುತ್ತೇನೆ."

"ತಲೆ ಯಾಕೆ ಅಪ್ಪಾಜಿ?"

"ಸುಮ್ಮಸುಮ್ಮನೆ ಬಂದು ನನ್ನ ಹೊತ್ತು ಹಾಳು ಮಾಡಬಾರದಲ್ಲ!"

ಮೂವರು ರಾಜಕುಮಾರರು ಬಂದರು, ಒಳಗೆ ಹೊಕ್ಕು ಫಲಕಗಳನ್ನು ಬಾಯಿಪಾಠ ಮಾಡಿದರು. ಮೊದಲನೆಯ ಒಗಟಿಗೆ ಒಬ್ಬ "ಪಟ್ಟದರಸಿ" ಎಂದ. ಮೊದಲನೆಯದನ್ನು ಹೇಗೋ ದಾಟಿದ ಇನ್ನೊಬ್ಬ ಎರಡನೆಯದಕ್ಕೆ "ನಿಮ್ಮ ಮುದಿ ಮಂತ್ರಿ" ಎಂದ. ಮಂತ್ರಿ ಮುಖ ಊದಿಸಿಕೊಂಡ. ಕೊನೆಯವನು ಎರಡನ್ನು ದಾದಿಯಿಂದ ಕದ್ದು ಕೇಳಿ ಒಪ್ಪಿಸಿ, ಮೂರನೆಯದಕ್ಕೆ "ತಕ್ಕಡಿ!" ಎಂದು ಕೂಗಿ ಸಿಕ್ಕಿಬಿದ್ದ. ಮೂವರೂ ಸೆರೆಮನೆಯಲ್ಲಿ ಕೊಡಲಿಗಾಗಿ ಕಾದು ಕೂತರು. ಕೊಡಲಿ ಎಲ್ಲಿ? ಅದೂ ಹಳೆಯದೆಂದು ಸಂಗ್ರಹಾಲಯ ಸೇರಿತ್ತು! ಹೊಸದು ಕಮ್ಮಾರನ ಕುಲುಮೆಯಲ್ಲಿತ್ತು.

ಅದು ತಯಾರಾಗಿ ಬಂದ ದಿನವೇ ಎಮ್ಮೆ ಕಾಯುವ ದ್ಯಾವಪ್ಪ ಅರಮನೆಗೆ ಬಂದ. ಒಗಟು ಬಿಡಿಸಲು ಅಲ್ಲ ಮಾರಾಯರೇ, ದೂರು ಕೊಡಲು! ಅವನ ಮನೆಯ ಸಾಮಾನನ್ನೂ ಹೊತ್ತೊಯ್ದಿದ್ದರು. ಹುಟ್ಟಿದ ಮಗಳಿಗೆ ಹೆಸರಿಟ್ಟಿರಲಿಲ್ಲ. ತೊಟ್ಟಿಲಿಲ್ಲದೆ ಹೆಸರಿಡುವುದು ಹೇಗೆ? ಕೂಸು ಮೊರದಲ್ಲಿ ಮಲಗುತ್ತಿತ್ತು. ಕಾವಲುಗಾರ ಅವನನ್ನು ಒಗಟಿನ ಸಾಲಿಗೇ ದಬ್ಬಿದ.

ಮಲ್ಲಾಂಬೆ ಕೇಳಿದಳು: "ಅಜ್ಜಿಯ ಸೀರೆ, ಅತ್ತೆಯ ಸೀರೆ, ಸೊಸೆಯ ಸೀರೆ, ಮೂರನ್ನೂ ಒಟ್ಟಿಗೆ ಉಟ್ಟವಳು. ಆದರೂ ಅವಳ ಮೈಮೇಲೆ ಎಂದೂ ಜಗಳವಿಲ್ಲ. ಯಾರವಳು?"

"ಇದೇನ್ರೀ ತಾಯಿ! ಕೂಸಿಗೆ ಹಾಸೋ ಕೌದಿ ಕೇಳಾಕ ಬಂದ್ರ ನೀವು ಕೌದಿದೇ ಒಗಟ ಹಾಕ್ತೀರಿ? ನಡುವ ನಮ್ಮಜ್ಜಿ ಸೀರಿ, ಅಂಚಿಗೆ ನಮ್ಮವ್ವಂದು, ಮೂಲ್ಯಾಗ ನನ್ನ ಹೇಂತಿದು. ಕೌದಿಯೊಳಗ ಜಗಳಿಲ್ಲ ಖರೆ, ಮನಿಯೊಳಗ ಬಂದು ನೋಡ್ರಿ!"

ಸಭೆ ನಕ್ಕಿತು. ದೊರೆ ಹಣೆ ಚಚ್ಚಿಕೊಂಡ. "ಇವನು ಒಗಟು ಬಿಡಿಸುತ್ತಿದ್ದಾನೋ, ಜಗಳಕ್ಕೆ ಬಂದಿದ್ದಾನೋ?"

ಮಲ್ಲಾಂಬೆ ಎರಡನೆಯದನ್ನು ಹಾಕಿದಳು: "ಹಲ್ಲಿಲ್ಲ, ಆದರೂ ಅರೆಯದ ದಿನವಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಿರಿಯ, ಆದರೂ ಕೂಸಿಗಿಂತ ಮೊದಲು ಅವನಿಗೇ ಜೋಗುಳ. ಯಾರವನು?"

"ಗುಂಡಪ್ಪ ಅಲ್ಲೇನ್ರೀ! ಒರಳಿನ ಗುಂಡುಕಲ್ಲು. ಹೆಸರಿಡೋ ದಿನ ಅವಗ ಕೂಸಿನ ಕುಂಚಿಗಿ ತಲಿಗೆ ಕಟ್ಟಿ ಮೊದಲು ಮಲಗಸ್ತೀವಿ, ಕೂಸು ಕಲ್ಲಿನಂಗ ಗಟ್ಟಿ ಇರಲಿ ಅಂತ. ಅವನ್ನೂ ಒಯ್ದಾರ್ರೀ ನಿಮ್ಮವರು! ಈಗರ ಕೊಡ್ತೀರೋ ಇಲ್ಲೋ?"

"ಇನ್ನೊಂದಿದೆ ಅಣ್ಣಾ, ಹುಷಾರಾಗಿ ಹೇಳು," ಎಂದಳು ಮಲ್ಲಾಂಬೆ. ಆಗ ದ್ಯಾವಪ್ಪ ಅತ್ತಿತ್ತ ನೋಡಿದ. ಪಕ್ಕದಲ್ಲಿ ತಲೆ ಕಡಿಯುವ ತಳವಾರ ಹೊಸ ಕೊಡಲಿಯ ಅಲಗಿಗೆ ಹೆಬ್ಬೆರಳು ಸವರುತ್ತಿದ್ದ. ಇದು ದೂರಿನ ಸಾಲಲ್ಲ ಎಂದು ಬಡಪಾಯಿಗೆ ಹೊಳೆದದ್ದೇ ಆಗ!

"ಹಗಲೆಲ್ಲ ತೂಗುತ್ತಾರೆ, ರಾತ್ರಿಯೂ ತೂಗುತ್ತಾರೆ. ಅಷ್ಟು ತೂಗಿದರೂ ಒಳಗಿರುವುದರ ತೂಕ ಒಬ್ಬರಿಗೂ ಗೊತ್ತಿಲ್ಲ. ಏನದು?"

ತೂಗುವುದೆಂದರೆ ತಕ್ಕಡಿ. ದ್ಯಾವಪ್ಪನ ನಾಲಗೆಯ ತುದಿಗೂ ಅದೇ ಬಂತು. 'ತ' ಎಂದು ಬಾಯಿ ತೆರೆದೂಬಿಟ್ಟ. ಅಷ್ಟರಲ್ಲಿ ಬೆಳಿಗ್ಗೆ ಹೆಂಡತಿ ನೀಲವ್ವ ಮೊರ ಹಿಡಿದು ಕಿರುಚಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು: 'ತೂಗಿ ತೂಗಿ ಕೈ ಬಿದ್ದುಹೋದುವು. ತರೋದಿದ್ರ ತಾ, ಇಲ್ಲಂದ್ರ ಮನಿಗೆ ಬರಬ್ಯಾಡ!'

"ತ... ತ... ತೊಟ್ಟಿಲಾರೀ!" ಎಂದು ಕೂಗಿದ.

ಮಲ್ಲಾಂಬೆ ಚಪ್ಪಾಳೆ ತಟ್ಟಿದಳು. "ನೋಡಿ ಅಪ್ಪಾಜಿ, ತಕ್ಕಡಿಯಲ್ಲಿ ತೂಗಿದರೆ ತೂಕ ತಿಳಿಯುತ್ತದೆ. ತೊಟ್ಟಿಲು ತೂಗಿದರೆ ಕೂಸಿಗೆ ನಿದ್ದೆ ಬರುತ್ತದೆ, ಅಷ್ಟೇ. ಧ್ವಜವೂ ಅಲ್ಲ, ಕವಣೆಗುಂಡೂ ಅಲ್ಲ, ಪಲ್ಲಕ್ಕಿಯೂ ಅಲ್ಲ. ತೆಗೆಸಿ ಬೀಗ!"

ದೊರೆ ಗೊಣಗುತ್ತಾ ಬೀಗದ ಕೈ ಬಿಸಾಡಿದ. "ತಗೋ ಮಾರಾಯ. ನನ್ನ ಮಗಳನ್ನೂ ಮದುವೆಯಾಗು."

"ಏ ಯಪ್ಪಾ, ಬ್ಯಾಡ್ರಿ! ನೀಲವ್ವ ಕೊಡಲಿಯಿಲ್ದ ಕೊಲ್ತಾಳ. ಸೆರಿಮನಿ ಮಂದಿನ್ನ ಬಿಟ್ಟುಬಿಡ್ರಿ. ಇನ್ನೊಂದು... ಕೂಸಿನ ಕಿವ್ಯಾಗ ಹೆಸರು ಹೇಳಾಕ ಸೋದರತ್ತಿ ಬೇಕು. ನನಗ ಅಕ್ಕತಂಗಿ ಯಾರೂ ಇಲ್ಲ. ಇವರು ಆಗಲೇ ಅಣ್ಣಾ ಅಂದಾರಲ್ರೀ."

ಮಲ್ಲಾಂಬೆ ಅಪ್ಪನ ಒಪ್ಪಿಗೆಗೂ ಕಾಯದೆ ಗಾಡಿ ಹತ್ತಿದಳು. ಸೆರೆಯಿಂದ ಬಿಟ್ಟ ಮೂವರು ರಾಜಕುಮಾರರು ಹಿಂದೆ ನೋಡದೆ ತಮ್ಮ ಊರಿನ ದಾರಿ ಹಿಡಿದರು. ಹಾದಿಯುದ್ದಕ್ಕೂ ಜನ ತಮ್ಮ ತಮ್ಮ ಮಣೆ, ಕಡಗೋಲು ಹೊತ್ತು ಮನೆಗೆ ಓಡುತ್ತಿದ್ದರು. ದ್ಯಾವಪ್ಪನ ಗುಡಿಸಲಲ್ಲಿ ಕೌದಿ ಹಾಸಿದರು, ಗುಂಡಪ್ಪನನ್ನು ಮಲಗಿಸಿ ಎತ್ತಿದರು, ಕೂಸನ್ನು ತೊಟ್ಟಿಲಿಗೆ ಹಾಕಿದರು. ಸೋದರತ್ತೆ ಬಗ್ಗಿ ಕಿವಿಯಲ್ಲಿ "ಗಿಳಿಯವ್ವ" ಎಂದಳು. ಎಂದದ್ದೇ ತಡ, ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಹಿಂದೆಯೇ ಬಂದಿದ್ದ ದೊರೆ "ನನ್ನ ಮಗಳಿಗೆ ಹೊಡೆಯುತ್ತಿದ್ದಾರೆ!" ಎಂದು ಕಿರುಚಿದ.

"ಇದು ಪದ್ಧತಿ, ಅಪ್ಪಾಜಿ. ಸುಮ್ಮನೆ ಬಂದು ತೂಗಿ!"

ದೊರೆ ತೂಗಿದ. ಕೂಸು ಮಲಗಿತು. ಬಿಳಿಕೋಟೆಯ ಸಂಗ್ರಹಾಲಯದಲ್ಲಿ ಉಳಿದದ್ದು ಒಂದು ಹಳೆಯ ಕೊಡಲಿ, ಒಂದು ಹೊಸ ಕೊಡಲಿ. ಗಿಳಿಯವ್ವನಿಗೆ ಹೆಸರಿಟ್ಟದ್ದು ವೈಶಾಖ ಶುದ್ಧ ಪಂಚಮಿ, ಗುರುವಾರ.