ನಾಲ್ಕು ಕೇಬಲ್, ಒಂದು ದಾರಿ

ನದಿಯಂಚಿನ ಆಶ್ರಮಕ್ಕೆ ಆಚೆ ದಡದ ವೈದ್ಯರ ಮನೆಯಿಂದ ತಾಳೆಗರಿಯ ಕಟ್ಟುಗಳು ಬಂದಿದ್ದವು. ಒಂದೇ ದಿನದ ಮಟ್ಟಿಗೆ. ಸಂಜೆಯ ದೋಣಿಯಲ್ಲಿ ಮರಳಿಸಬೇಕು.

ಎಂಟು ಶಿಷ್ಯರು ಎಂಟು ಯಂತ್ರಗಳಲ್ಲಿ ಗರಿಗಳನ್ನು ಸ್ಕ್ಯಾನ್ ಮಾಡುತ್ತಿದ್ದರು. ಚಿತ್ರಗಳು ಗುಡ್ಡದ ಮೇಲಿನ ಕಟ್ಟಡದ ಕಂಪ್ಯೂಟರ್ ಸೇರಿದ ಮೇಲೆಯೇ ಗರಿ ಕೊಡುವುದೆಂದು ಗುರು ಶಿತಿಕಂಠರು ಹೇಳಿದ್ದರು. ಅಲ್ಲಿಗೆ ನಾಲ್ಕು ಕೇಬಲ್ ಎಳೆದಿತ್ತು. ಬಳಕೆಯಲ್ಲಿದ್ದುದು ಒಂದೇ; ಎಂಟೂ ಯಂತ್ರಗಳ ಚಿತ್ರಗಳು ಅದರಲ್ಲೇ ಸಾಗಬೇಕಿತ್ತು.

ಮಧ್ಯಾಹ್ನವಾದರೂ ಅರ್ಧ ಕೆಲಸ ಮುಗಿದಿರಲಿಲ್ಲ.

ಆ ಎಂಟು ಜನರಲ್ಲಿ ಒಬ್ಬಳಾದ ಸುಮೇಧಾಳಿಗೆ ತಡೆಯಲಾಗಲಿಲ್ಲ. ಉಳಿದ ಮೂರನ್ನೂ ಎರಡು ಕಡೆಯ ಸ್ವಿಚ್‌ಗಳಿಗೆ, ಎಂದರೆ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳಿಗೆ, ಸಿಕ್ಕಿಸಿದಳು. ದೀಪಗಳೆಲ್ಲ ಹುಚ್ಚೆದ್ದು ಮಿನುಗಿದವು. ಎಂಟೂ ಯಂತ್ರಗಳು ನಿಂತುಹೋದವು.

ಗುರುಗಳು ಬಂದು ಮೂರನ್ನೂ ಕಿತ್ತರು. ಕೆಲಸ ಮತ್ತೆ ತೆವಳತೊಡಗಿತು.

ದಾರಿ ಹೆಚ್ಚಿದರೆ ವೇಗವೂ ಹೆಚ್ಚಬೇಕಿತ್ತಲ್ಲ ಎಂದು ಅವಳು ಕೇಳಿದಳು.

“ಒಂದು ದಾರಿಯಲ್ಲಿ ಹೋದದ್ದು ಇನ್ನೊಂದರಲ್ಲಿ ತಿರುಗಿ ಬಂತು. ಸುತ್ತುತ್ತಲೇ ಇತ್ತು. ನಾಲ್ಕೂ ಸೇರಿ ಒಂದು ಅಂತ ಸ್ವಿಚ್‌ಗೆ ಹೇಳಿದ್ದೆಯಾ?”

ಹೇಳಿರಲಿಲ್ಲ. ಕೂತು, ಕೇಬಲ್ ಸಿಕ್ಕಿಸುವ ನಾಲ್ಕು ಪೋರ್ಟ್‌ಗಳನ್ನು ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ಒಂದು ಗುಂಪು ಮಾಡಿದಳು. ಕೇಬಲ್‌ಗೆ ಕೈ ಹಾಕಿದಾಗ ಗುರುಗಳು ತಡೆದರು.

“ಆ ಕಡೆಯ ಸ್ವಿಚ್ ಒಪ್ಪಿತೇ?”

ಅವಳು ಮೆಟ್ಟಿಲು ಹತ್ತಿ ಓಡಿದಳು. ಮೇಲಿನ ಸ್ವಿಚ್‌ನಲ್ಲೂ ಹಾಗೆಯೇ ಗುಂಪು ಮಾಡಿ, ಏದುಸಿರು ಬಿಡುತ್ತ ಇಳಿದು ಬಂದು ಕೇಬಲ್‌ಗಳನ್ನು ಸಿಕ್ಕಿಸಿದಳು.

ಚಿತ್ರಗಳು ನೀರಿನಂತೆ ಹರಿದವು. ಯಾರೋ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ತಮ್ಮ ಕಟ್ಟು ಮುಗಿಸಿ ಎದ್ದರು.

ಸುಮೇಧಾಳ ಕಟ್ಟು ಎಲ್ಲಕ್ಕಿಂತ ದೊಡ್ಡದು. ನೂರಿಪ್ಪತ್ತು ಗರಿ ಇನ್ನೂ ಉಳಿದಿದ್ದವು. ಆಚೆ ದಡದಿಂದ ದೋಣಿ ಹೊರಟದ್ದು ಕಿಟಕಿಯಲ್ಲಿ ಕಂಡಿತು.

“ನಾಲ್ಕನ್ನೂ ಕೂಡಿಸಿದ್ದೇನೆ ಗುರುಗಳೇ. ಆದರೂ ನನ್ನ ಯಂತ್ರಕ್ಕೆ ಒಂದೇ ಕೇಬಲ್‌ನ ವೇಗ ಸಿಗುತ್ತಿದೆ.”

“ಒಬ್ಬಳೇ ಒಂದೇ ಸಲಕ್ಕೆ ಎಷ್ಟು ದಾರಿಯಲ್ಲಿ ನಡೆಯಬಲ್ಲೆ?”

ಅವಳು ಎದ್ದು, ಉಳಿದ ಗರಿಗಳನ್ನು ಎಂಟು ಪಾಲು ಮಾಡಿ, ಏಳು ಪಾಲನ್ನು ಏಳು ಜನರ ಕೈಗಿಟ್ಟಳು. ಮತ್ತೆ ಎಂಟೂ ಯಂತ್ರಗಳು ಗುಂಯ್‌ಗುಟ್ಟಿದವು.

ದೋಣಿ ದಡ ಮುಟ್ಟುವಾಗ ಕೊನೆಯ ಚಿತ್ರ ಗುಡ್ಡದ ಮೇಲಿತ್ತು. ಕಟ್ಟುಗಳನ್ನು ಅಂಬಿಗನಿಗೆ ಒಪ್ಪಿಸಿ ಸುಮೇಧಾ ಸಂತೋಷದಿಂದ ಓಡಿ ಬಂದಳು.

“ಗೆದ್ದದ್ದು ಕೇಬಲ್ ಕೂಡಿದ್ದರಿಂದಲೋ ಗುರುಗಳೇ, ಕೈ ಕೂಡಿದ್ದರಿಂದಲೋ?”

ಶಿತಿಕಂಠರು ನಕ್ಕರು.

“ಎರಡರಲ್ಲಿ ಒಂದನ್ನು ಕಿತ್ತು ನೋಡು.”