ಹೇಳಿದರೆ ಅಂಕವಿಲ್ಲ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುವನ್ನು ಜನ ಅಜ್ಜಾರು ಎನ್ನುತ್ತಿದ್ದರು.

ಆಶ್ರಮಕ್ಕೆ ಒಂದೇ ಕಟ್ಟಳೆ. ಯಾರ ಬಗ್ಗೆ ಏನು ಬರೆದರೂ ಅದನ್ನು ಅವರ ಮುಂದೆ ಓದಿ ಹೇಳಬೇಕು.

ಅಜ್ಜಾರು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಅಷ್ಟರೊಳಗೆ, ಏನು ಬರೆದಿದೆ ಎಂದು ತಿಳಿಯದ ಎಷ್ಟೋ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದ್ದರು.

ಶಿಷ್ಯ ಚಂದ್ರಾಮ ಅಲ್ಲೇ ಬೆಳೆದವನು. ನಗರಕ್ಕೆ ಹೋಗಿ ಮೆದುಳಿನ ಶಾಸ್ತ್ರ ಓದಿದ. ಒಂದು ಬೇಸಿಗೆಯಲ್ಲಿ ಕಾಗದದ ಕಟ್ಟು ಹೊತ್ತುಕೊಂಡು ಬಂದ.

"ಅಜ್ಜಾರ, ಸಂಶೋಧನೆ ಮಾಡಾಕ ಬಂದೀನ್ರಿ. ವಯಸ್ಸಾದವರಿಗೆ ಮರೆವಿನ ರೋಗ ಎಷ್ಟು ಐತಿ ಅಂತ ನೋಡಬೇಕು. ಸುತ್ತಲಿನ ಊರಾಗ ಅರವತ್ತು ಮಂದಿ ಸಾಕ್ರಿ."

"ಹೆಂಗ ನೋಡ್ತಿ?"

"ಪ್ರಶ್ನಿ ಕೇಳ್ತೀನ್ರಿ. ಒಟ್ಟು ಮೂವತ್ತು ಅಂಕ."

"ಎಷ್ಟು ಹೊತ್ತು ಬೇಕು?"

"ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ."

"ಎಪ್ಪತ್ತು ವರ್ಷದ ಬಾಳೇವು ಇಪ್ಪತ್ತು ನಿಮಿಷದಾಗ ತೂಗ್ತಿ? ನಮ್ಮ ಅಂಗಡಿ ಶೆಟ್ರು ಬೆಲ್ಲ ತೂಗಾಕನ ಅದಕ್ಕಿಂತ ಹೆಚ್ಚು ಹೊತ್ತು ತಗೋತಾರಲ್ಲೋ."

ಚಂದ್ರಾಮ ನಕ್ಕ. ಅಜ್ಜಾರು ನಗಲಿಲ್ಲ.

"ಹೋಗು. ಬರದದ್ದನ್ನ ಓದಿ ಹೇಳು. ಒಬ್ಬರನ್ನೂ ಬಿಡಬ್ಯಾಡ."

"ಆತ್ರಿ."

ಒಂಬತ್ತು ದಿನಗಳಲ್ಲಿ ಅರವತ್ತು ಮಂದಿ ಮುಗಿದರು. ಒಬ್ಬೊಬ್ಬರ ಕೈಗೂ ಒಂದು ಹಾಳೆ ಕೊಟ್ಟ. ಹೆಸರು, ಅಂಕ, ರೋಗದ ಹೆಸರು, ಕೆಳಗೆ ಕಾಲೇಜಿನ ಮುದ್ರೆ. ಓದಿ ಹೇಳುತ್ತಾ ಕೂತರೆ ಇನ್ನೂ ಒಂಬತ್ತು ದಿನ ಬೇಕಾಗುತ್ತಿತ್ತು. ಓದಲಿಲ್ಲ.

ಎಂಟು ತಿಂಗಳ ನಂತರ ಪ್ರಬಂಧಕ್ಕೆ ರಟ್ಟು ಕಟ್ಟಿಸಿ, ಗುರುವಿನ ಪಾದಕ್ಕಿಟ್ಟು ಆಶೀರ್ವಾದ ಪಡೆಯಲು ಬಂದ.

ಅಜ್ಜಾರ ಎದುರಿಗೆ ಒಬ್ಬ ಮುದುಕಿ ಕೂತಿದ್ದಳು.

"ಈಕಿ ಯಾರು, ಗುರುತು ಸಿಕ್ತೇನು?" ಅಜ್ಜಾರು ಕೇಳಿದರು.

ಚಂದ್ರಾಮ ನೋಡಿದ. "ಇಲ್ರಿ."

"ನನಗ ಗುರುತೈತಿ," ಎಂದಳು ಮುದುಕಿ. "ನೀಲಿ ಅಂಗಿ ಹಾಕ್ಕೊಂಡಿದ್ದಿ ತಮ್ಮಾ. ಎಡಗೈ ಬೆರಳಿಗೆ ಬಟ್ಟಿ ಸುತ್ತಿದ್ದಿ. ಮಜ್ಜಿಗಿ ಕೊಟ್ಟೆ. ಉಪ್ಪು ಕಡಿಮಿ ಅಂತ ಮತ್ತ ಹಾಕಿಸ್ಕೊಂಡಿ. ನಾ ಯಮನವ್ವ."

ಚಂದ್ರಾಮ ಚೀಲದಿಂದ ತಾನು ಉತ್ತರ ಬರೆದುಕೊಂಡ ಹಾಳೆಗಳನ್ನು ತೆಗೆದು ಹುಡುಕಿದ. ಸಿಕ್ಕಿತು. ಯಮನವ್ವ, ಮೂವತ್ತಕ್ಕೆ ಒಂಬತ್ತು. ಮರೆವಿನ ರೋಗ, ಮುಂದುವರಿದ ಹಂತ.

"ಆ ಕಾಗದ ಏನಾತು, ಇವಗ ಹೇಳು ತಾಯಿ," ಎಂದರು ಅಜ್ಜಾರು.

"ನನಗ ಓದಾಕ ಬರಂಗಿಲ್ಲ. ಏನು ಬರದಾನ ಅಂತ ಓಣ್ಯಾಗ ಕೇಳಿದೆ. ಅಳಿಯನ ಅಣ್ಣ ಸಿಕ್ಕ. ಓಣ್ಯಾಗ ಶಾಲಿ ಕಲತಾವ ಅವನೊಬ್ಬನ. ಓದಿದ. ಇದು ನನ್ನ ಕಡೆ ಇರ್ಲಿ ಅತ್ತಿ ಅಂದ. ಕಿಸೆದಾಗ ಇಟ್ಕೊಂಡ."

"ಅಳಿಯ ಏನು ಮಾಡಿದ್ದ? ಅದನ್ನೂ ಹೇಳು," ಎಂದರು ಅಜ್ಜಾರು.

"ನನ್ನ ಮಗಳು ಕಸ್ತೂರಿನ್ನ ಬಾವಿಗೆ ನೂಕಿದ್ದ. ನಾ ಎಮ್ಮಿ ಹೊಡಕೊಂಡು ಬರ್ತಿದ್ದೆ. ನೋಡಿದೆ. ನೋಡಿದಾಕಿ ನಾ ಒಬ್ಬಾಕಿನ."

"ಕೋರ್ಟಿನಾಗ?"

"ಅವನ ವಕೀಲ ಕಾಗದ ಎತ್ತಿ ತೋರಿಸಿದ. ಈಕಿಗೆ ಮರೆವಿನ ರೋಗ ಐತಿ, ಮೂವತ್ತಕ್ಕ ಒಂಬತ್ತ ಅಂಕ, ಈಕಿ ಕಂಡದ್ದನ್ನ ಹೆಂಗ ನಂಬೂದು ಅಂದ. ಜಡ್ಜ್ ಸಾಹೇಬ್ರು ನನ್ನ ಮಾತು ಬಿಟ್ಟಹಾಕಿದ್ರು. ಮೊನ್ನೆ ಸೋಮಾರ ಅಳಿಯ ಜೇಲಿಂದ ಮನಿಗಿ ಬಂದ. ಓಣಿಗೆಲ್ಲ ಪೇಢೆ ಹಂಚಿದ. ನನ್ನ ಬಾಗಿಲಿಗೂ ಎರಡು ಇಟ್ಟು ಹೋದ."

ಚಂದ್ರಾಮ ಗುರುವಿನ ಕಡೆ ತಿರುಗಿದ.

"ನಾ ಅದಕ್ಕಂತ ಬರದಿರ್ಲಿಲ್ರಿ ಅಜ್ಜಾರ. ಚಿಕಿತ್ಸೆ ಸಿಗಲಿ ಅಂತ ಬರದೆ."

"ಯಾಕ ಬರದಿ ಅಂತ ಕೇಳಲಿಲ್ಲ. ಏನು ಬರದೀಯೋ ಓದು. ಈಗ ಓದು."

ಚಂದ್ರಾಮ ಓದಿದ.

"ಇಂದು ಯಾವ ತಾರೀಖು? ಉತ್ತರ: ಅಮಾವಾಸ್ಯೆ ಮುಗಿದು ಮೂರು ದಿನ. ಸೊನ್ನೆ."

"ಅವತ್ತು ಅಮಾಸಿ ಮುಗದು ಎಷ್ಟು ದಿನ ಆಗಿತ್ತು?"

"ನನಗ ಗೊತ್ತಿಲ್ರಿ."

"ಮೂರು," ಎಂದಳು ಯಮನವ್ವ.

"ಮುಂದ."

"ನೂರರಿಂದ ಏಳು ಕಳೆಯುತ್ತಾ ಹೋಗಿ. ಉತ್ತರವಿಲ್ಲ. ಸೊನ್ನೆ."

"ನೂರು ಏನು ಅಂತ ಕೇಳಿದ್ದೆ," ಎಂದಳು ಯಮನವ್ವ. "ಕುರಿನೋ, ರೊಟ್ಟಿನೋ, ಮಂದಿನೋ? ಏನೂ ಇಲ್ಲ, ಬರೇ ನೂರು ಅಂದಿ. ಏನೂ ಇಲ್ಲದ್ರಾಗ ಏನು ಕಳೀಲಿ?"

"ಮುಂದ."

"ಗಡಿಯಾರದ ಚಿತ್ರ ಬಿಡಿಸಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ. ಪೆನ್ಸಿಲ್ ಹಿಡಿಯಲಿಲ್ಲ. ಸೊನ್ನೆ."

"ಹಿಡದಿದ್ದೆ," ಎಂದಳು ಯಮನವ್ವ. "ಹುಟ್ಟಿದಾಗಿಂದ ಮೊದಲನೇ ಸಲ ಹಿಡದೆ. ಹಾಳಿ ಹರೀತು. ನೀ ನಕ್ಕಿ."

ಆಕೆಯ ಊರಿನಲ್ಲಿ ಶಾಲೆ ಇತ್ತು. ಆಕೆಯ ಓಣಿಯ ಹೆಣ್ಣುಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು. ಬಾಗಿಲು ಮುಚ್ಚಿದವರ ಮೆದುಳಿಗೆ ಏನು ರೋಗವೆಂದು ಇವತ್ತಿನವರೆಗೆ ಯಾರೂ ಪರೀಕ್ಷೆ ಮಾಡಿಲ್ಲ.

"ಮುಂದ," ಎಂದರು ಅಜ್ಜಾರು.

ಚಂದ್ರಾಮ ಹಾಳೆ ನೋಡಿದ. ಓದಲಿಲ್ಲ.

"ಮುಗೀತೇನು?"

"ಇನ್ನೊಂದು ಐತ್ರಿ."

"ಓದು."

"ನಿಮಗೆ ತೋಚಿದ ಒಂದು ಪೂರ್ಣ ವಾಕ್ಯ ಬರೆಯಿರಿ." ಅವನ ದನಿ ಇಳಿಯಿತು. "ಬರೆಯಲಿಲ್ಲ. ಸೊನ್ನೆ."

"ಬರೀಲಿಲ್ಲ. ಖರೆ. ಬಾಯಿಲೆ ಏನಾರ ಹೇಳಿದ್ಲೇನು?"

ಚಂದ್ರಾಮ ಹಾಳೆಯ ಮೂಲೆ ಮಡಿಚತೊಡಗಿದ.

"ನಿನಗ ನೆನಪೈತಿ. ಹೇಳು."

"ಬಾಯಿಲೆ ಹೇಳಿದ್ರ ಅಂಕ ಇಲ್ರಿ ಅಜ್ಜಾರ. ನಿಯಮ ಹಂಗ ಐತಿ."

"ನಿಯಮ ಕೇಳಲಿಲ್ಲ."

ಯಮನವ್ವ ತಾನೇ ಹೇಳಿದಳು. "ನನ್ನ ಮಗಳು ಕಸ್ತೂರಿನ್ನ ಆಕಿ ಗಂಡನೇ ಬಾವಿಗೆ ನೂಕಿದ, ನಾ ಕಣ್ಣಾರೆ ನೋಡೀನಿ. ಇಷ್ಟ ಹೇಳಿದ್ದೆ. ನೀ ಹ್ಞೂಂ ಹ್ಞೂಂ ಅಂದು ಹಾಳಿ ಚೀಲಕ್ಕ ಹಾಕಿದಿ."



"ಅಜ್ಜಾರ, ಇದು ತಪ್ಪು ಅಂತ ಬರದುಕೊಡ್ತೀನ್ರಿ," ಎಂದ ಚಂದ್ರಾಮ. "ಆದ್ರ ಈಕಿದು ತಪ್ಪಾದ್ರ, ಅಕ್ಷರ ಬಾರದ ಎಲ್ಲಾರದೂ ತಪ್ಪಾಕ್ಕೈತಿ. ಅರವತ್ತರಾಗ ನಲವತ್ತೆರಡು ಮಂದಿ. ಈ ಪುಸ್ತಕನ ಉಳಿಯಂಗಿಲ್ಲ. ನಾಲ್ಕು ವರ್ಷದ ಓದು ಹೋಕ್ಕೈತ್ರಿ."

ಅಜ್ಜಾರು ಅವನು ಬಂದಾಗ ತಮ್ಮ ಪಾದದ ಬಳಿ ಇಟ್ಟಿದ್ದ ಪ್ರಬಂಧವನ್ನು ಎತ್ತಿ ಅವನ ತೊಡೆಯ ಮೇಲಿಟ್ಟರು.

"ಹೊಳಿ ಇಲ್ಲೇ ಐತಿ. ಮನಿ ಅಲ್ಲೈತಿ. ಎತ್ತಾಗ ಒಯ್ತೀಯೋ ಒಯ್ಯಿ. ನಾ ನಿನ್ನ ಕೈ ಹಿಡಿಯಂಗಿಲ್ಲ."

ಚಂದ್ರಾಮ ಪ್ರಬಂಧವನ್ನು ಬೆನ್ನಿನ ಹಿಂದಕ್ಕೆ ಸರಿಸಿದ. ಒಂದು ಬಿಳಿ ಹಾಳೆ ತೆಗೆದ. "ಈ ಪರೀಕ್ಷೆ ಓದುಬರಹ ಬಲ್ಲವರಿಗಾಗಿ ಮಾಡಿದ್ದು. ಬಾರದವರ ಮೇಲೆ ಹಾಕಿದ್ದು ನನ್ನ ತಪ್ಪು. ಈ ಅಂಕಗಳಿಂದ ಯಮನವ್ವನ ನೆನಪಿನ ಬಗ್ಗೆ ಏನನ್ನೂ ಹೇಳಲಾಗದು. ನಲವತ್ತೆರಡು ಹಾಳೆಗಳನ್ನೂ ಹಿಂತೆಗೆದುಕೊಂಡಿದ್ದೇನೆ" ಎಂದು ಬರೆದು ಸಹಿ ಹಾಕಿದ.

ಯಮನವ್ವನ ಕಡೆ ಹಾಳೆ ಚಾಚಿದ.

ಆಕೆ ಕೈ ಚಾಚಲಿಲ್ಲ. "ಇದನ್ನೂ ಅಳಿಯನ ಅಣ್ಣನ ಕಡೆ ಓದಿಸ್ಲೇನು?"

ಚಂದ್ರಾಮ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ. ಎರಡು ಸಲ ನಡುವೆ ನಿಂತ. ಆಕೆ ಕಾದಳು.

"ಇದನ್ನ ಕೊಟ್ರ ಅವನನ್ನ ಮತ್ತ ಹಿಡೀತಾರೇನು?"

"ಗೊತ್ತಿಲ್ಲ ಯವ್ವಾ. ಮ್ಯಾಲಿನ ಕೋರ್ಟಿಗೆ ಹೋಗಬೇಕು. ನಾನೂ ಬಂದು ಹೇಳ್ತೀನಿ. ವರ್ಷಗಟ್ಟಲೆ ಹಿಡೀಬಹುದು."

"ಅಲ್ಲೀತನ ನಾ ಇರ್ತೀನೇನು?"

ಚಂದ್ರಾಮ ಹಾಳೆಯನ್ನು ಆಕೆಯ ಕೈಯಲ್ಲಿಟ್ಟ.

ಯಮನವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಜ್ಜಾರಿಗೆ ಕೈ ಮುಗಿದಳು. ಚಂದ್ರಾಮನನ್ನು ನೋಡದೆ ಬಸ್ಸಿನ ಹಾದಿ ಹಿಡಿದಳು.

ಅವಳು ಮರೆಯಾಗುವವರೆಗೂ ಚಂದ್ರಾಮ ನೋಡುತ್ತಿದ್ದ. ಆಮೇಲೆ ಗುರುವಿನ ಮುಂದೆ ಕುಸಿದು ಕೂತ.

"ಅಜ್ಜಾರ, ಆಕಿ ಎಂದಾದ್ರೂ ನನ್ನ ಕ್ಷಮಿಸ್ತಾಳೇನ್ರಿ?"

ಅಜ್ಜಾರು ಹೇಳಿದರು: "ಮರೆತ್ರ ಕ್ಷಮಿಸ್ತಾಳ. ಕಾಯ್ಕೊಂತ ಕೂಡ್ರು."