ಬಳೆಗಾರನ ಹೊಟ್ಟೆಯುರಿ

"ಗುರುಗಳೇ, ಕುಡಿತ ಬಿಟ್ಟವರು ಒಟ್ಟಾಗಿ ಕೂರುವ ಕೂಟಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಒಂದೆರಡು ಕಡೆ ಹೋಗಿ ಕೂತು ನೋಡಿದೆ. ಯಾವುದೂ ಒಗ್ಗಲಿಲ್ಲ. ನನಗೆ ತಕ್ಕ ಕೂಟವನ್ನು ಗುರುತಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಕೂತುಕೋ. ನಿನ್ನ ಹಾಗೇ ಕೂಟ ಹುಡುಕಿ ಚಪ್ಪಲಿ ಸವೆಸಿದವನೊಬ್ಬನ ಕತೆ ಹೇಳುತ್ತೇನೆ" ಎಂದು ಗುರುಗಳು ಆರಂಭಿಸಿದರು.

ಒಂದೂರಲ್ಲಿ ಒಬ್ಬ ಬಳೆಗಾರನಿದ್ದ. ಕುಡಿದು ಕುಡಿದು ಅವನ ಕೈಗೆ ನಡುಕ ಹತ್ತಿತು. ಬಳೆಗಾರನ ಕೈ ನಡುಗಿದರೆ ಆಯಿತೇ? ತೊಡಿಸುವ ಬಳೆಯೆಲ್ಲ ಮಣಿಕಟ್ಟಿನಲ್ಲೇ ಚೂರಾಗತೊಡಗಿತು. ಹಬ್ಬದ ದಿನ ಕೈಮೇಲೆ ಬಳೆ ಒಡೆದರೆ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರಾಗಿ ಅವನಿಗೆ ಕೈ ಚಾಚುವುದನ್ನೇ ಬಿಟ್ಟರು. ಕೊನೆಗೆ ಹೆಂಡತಿ, ಇನ್ನೊಂದು ಸಲ ಕುಡಿದು ಬಂದರೆ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದಳು. ಅವಳು ಆಡಿದಂತೆ ಮಾಡುವವಳು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಮದ್ದು ಕೊಡುವ ಪಂಡಿತರ ಬಳಿಗೆ ಹೋಗಿ, ಹೊಟ್ಟೆ ಉರಿಯುತ್ತದೆ ಎಂದ. ಕುಡಿತ ಬಿಡು, ಉರಿ ತಾನಾಗಿ ಇಳಿಯುತ್ತದೆ. ಆದರೆ ಒಬ್ಬನೇ ಬಿಡಲು ಹೋಗಬೇಡ, ಬಿಟ್ಟವರ ಜೊತೆ ಹೋಗಿ ಕೂರು ಎಂದರು ಪಂಡಿತರು. ಬಿಡುವುದು ಸುಲಭವಲ್ಲ ಶಿಷ್ಯಾ, ನಿನಗೂ ಗೊತ್ತು. ಬಳೆಗಾರ ಹಲ್ಲು ಕಚ್ಚಿ ಬಿಟ್ಟ.

ಮೊದಲು ಪಕ್ಕದೂರಿನ ಕೂಟಕ್ಕೆ ಹೋದ. ಅಲ್ಲಿ ಒಬ್ಬ ವರ್ತಕ ಎದ್ದು ನಿಂತು ತಾನು ಕುಡಿದು ಕೆಟ್ಟ ಬಗೆಯನ್ನು ಹೇಳಿದ. ಎಂಥ ಮಾತುಗಾರ! ಕೂತವರೆಲ್ಲ ಕಣ್ಣೊರೆಸಿಕೊಂಡರು. ಬಳೆಗಾರನ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ನಾನು ಕೆಟ್ಟದ್ದರಲ್ಲಿ ಇವನು ಕಾಲು ಭಾಗವೂ ಕೆಟ್ಟಿಲ್ಲ, ಇವನಿಗೆ ಇಷ್ಟು ಕಣ್ಣೀರೇ ಎಂದುಕೊಂಡ. ನೋಡು, ಕೆಡುವುದರಲ್ಲೂ ಪೈಪೋಟಿ! ಮನೆಗೆ ಬಂದು ಹೆಂಡತಿಗೆ, ಅಲ್ಲಿ ಅಳು ಜಾಸ್ತಿ, ನನಗೆ ಸರಿಹೋಗುವುದಿಲ್ಲ ಎಂದ. ಇನ್ನೊಂದೂರಿನ ಕೂಟದಲ್ಲಿ ಒಬ್ಬ ಅಂಬಿಗ ಪದ ಹೇಳುತ್ತಿದ್ದ. ಅದನ್ನು ಕೇಳಲೆಂದೇ ಜನ ಕಾದು ಕೂರುತ್ತಿದ್ದರು. ಅಲ್ಲಿ ಹಾಡು ಜಾಸ್ತಿ ಎಂದು ಬಳೆಗಾರ ಅದನ್ನೂ ಬಿಟ್ಟ.

ಉಳಿದದ್ದು ತನ್ನೂರಿನ ಕೂಟ. ಹೋಗಿ ನೋಡಿದರೆ ಅಲ್ಲಿ ಬಡಗಿ! ಹೆಂಡದಂಗಡಿಯಲ್ಲಿ ಪಕ್ಕಪಕ್ಕ ಕೂತು ಕುಡಿದ ಹಳೆಯ ಜೊತೆಗಾರ. ಈಗ ಅವನು ಹೊಸದಾಗಿ ಬಂದವರ ಬೆನ್ನು ಸವರುತ್ತ, ಧೈರ್ಯ ಹೇಳುತ್ತ ಓಡಾಡುತ್ತಿದ್ದ. ಎಲ್ಲರ ಬಾಯಲ್ಲೂ ಅಣ್ಣ, ಅಣ್ಣ. ಬಳೆಗಾರನಿಗೆ ಮೈಯೆಲ್ಲ ಉರಿದುಹೋಯಿತು. ದಿನಾ ನನ್ನ ಹೆಗಲ ಮೇಲೆ ಮನೆ ಸೇರುತ್ತಿದ್ದವನು, ಇವನು ಅಣ್ಣನೇ? ಆ ಮರ್ಯಾದೆ ತನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಬಡಗಿಗೆ ಸಿಗಬಾರದಿತ್ತು. ಎದ್ದು ಹೊರಟ. ನೇರ ಹೆಂಡದಂಗಡಿಗೆ ಬಂದು ಕೂತ.

"ಬಿಟ್ಟಿದ್ದೆಯಲ್ಲ ಮಾರಾಯ, ಏನಾಯಿತು?" ಎಂದ ಅಂಗಡಿಯವನು.

"ಹೊಟ್ಟೆ ಉರಿಯುತ್ತಿದೆ, ಹಾಕು" ಎಂದ ಬಳೆಗಾರ.

ತನ್ನ ಮಾತು ಕೇಳಿ ಅವನೇ ಬೆಚ್ಚಿದ. ಕುಡಿತ ಬಿಟ್ಟ ಮೇಲೆ ಉರಿ ಇಳಿಯಬೇಕಿತ್ತು. ಒಂದು ತೊಟ್ಟೂ ಒಳಗೆ ಹೋಗದೆ ಹೊಟ್ಟೆ ಉರಿಯುತ್ತಿದೆಯೆಂದರೆ, ಇದು ಯಾವ ಉರಿ? ಕುಡಿತ ಹತ್ತುವ ಮುಂಚೆಯೂ ಇದ್ದದ್ದು ಇದೇ ಅಲ್ಲವೇ? ತುಂಬಿದ ಲೋಟ ಮುಂದೆ ಬಂತು. ಹೆಂಡತಿ ಮನೆಯಲ್ಲಿ ಕಾದಿದ್ದಳು. ಅವನು ಲೋಟ ಮುಟ್ಟದೆ ಎದ್ದು, ಬಂದ ದಾರಿಯಲ್ಲೇ ಓಡಿದ.

ಕೂಟ ಇನ್ನೂ ಮುಗಿದಿರಲಿಲ್ಲ. ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತ, ನನಗೆ ಹೊಟ್ಟೆ ಉರಿಯುತ್ತದೆ ಎಂದ. ಹೆಂಡದ ಉರಿಯಿರಬೇಕೆಂದು ಯಾರೋ ಮಜ್ಜಿಗೆ ತರಲು ಎದ್ದರು.

"ಆ ಉರಿಯಲ್ಲ. ಈ ಬಡಗಿಯನ್ನು ಕಂಡರೆ ಉರಿಯುತ್ತದೆ. ಇವನು ಮತ್ತೆ ಕುಡಿದು ಬೀದಿಯಲ್ಲಿ ಬಿದ್ದರೆ ಸಾಕು ಎನಿಸುತ್ತದೆ" ಎಂದ ಬಳೆಗಾರ.

ಬಡಗಿಯ ಮುಖ ಕಪ್ಪಿಟ್ಟಿತು. ಆ ಕೂಟಕ್ಕೆ ಹಿರಿಯಳು ರೊಟ್ಟಿ ಮಾರುವ ಒಬ್ಬ ಮುದುಕಿ. ಅವಳು ನಕ್ಕುಬಿಟ್ಟಳು.

"ಬಾರಪ್ಪ, ಒಳಗೆ ಬಾ. ನಾನು ಓರಗಿತ್ತಿಯ ಬಾಳು ನೋಡಲಾರದೆ ಕುಡಿದವಳು. ಅದನ್ನು ಇಲ್ಲಿ ಹೇಳಲು ನನಗೆ ವರ್ಷಗಳೇ ಹಿಡಿದವು. ನೀನು ಬಾಗಿಲಲ್ಲೇ ಹೇಳಿಬಿಟ್ಟೆ" ಎಂದಳು.

ಬಡಗಿ ಚಾಪೆಯ ಮೇಲೆ ಸರಿದು ಜಾಗ ಮಾಡಿದ. ಬಳೆಗಾರ ಅವನ ಮಗ್ಗುಲಲ್ಲೇ ಕೂತ. ಉರಿ ಹೋಯಿತೇ? ಎಲ್ಲಿ ಹೋಗುತ್ತದೆ! ಮುಂದಿನ ವಾರವೂ ಉರಿಯಿತು, ಮುಂದಿನ ವಾರವೂ ಬಂದು ಹೇಳಿದ. ಹೇಳುವುದಕ್ಕೆ ಜಾಗ ಸಿಕ್ಕ ಮೇಲೆ ಅವನಿಗೆ ಅಂಗಡಿ ಬೇಕಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನನಗೆ ತಕ್ಕ ಕೂಟ ಯಾವುದು, ಗುರುಗಳೇ?" ಎಂದು ಶಿಷ್ಯ ಮತ್ತೆ ಕೇಳಿದ.

"ಕೂಟದ ಮಾತು ಆಮೇಲೆ, ಯಾರನ್ನು ಕಂಡು ಎದ್ದು ಬಂದೆ, ಮೊದಲು ಅವನ ಹೆಸರು ಹೇಳು" ಎಂದರು ಗುರುಗಳು.